ಸೀಮಂತ ಆಗಿ ಅಮ್ಮನ ಮನೆಗೆ ಹೋದರೆ ಚೆಕಪ್ ಎಲ್ಲಿ? (ಸುರತ್ಕಲ್ – ಕಾರ್ಕಳ)

ಸುರತ್ಕಲ್‌ನವಳು:
ಎಲ್ಲರಿಗೂ ನಮಸ್ಕಾರ. ನನಗೆ ಈಗ 9ನೇ ವಾರ, ಮೊದಲನೇದು. ಮನೆಯಲ್ಲಿ ಅತ್ತೆ, ಮಾವ ಮತ್ತು ನಾನು. ಗಂಡ ದುಬೈಯಲ್ಲಿದ್ದಾರೆ. ನನ್ನ ಕೆಲಸ ಬೈಕಂಪಾಡಿಯಲ್ಲಿ, ಅಮ್ಮನ ಮನೆ ಕಾರ್ಕಳದ ಹತ್ತಿರ.

ಪ್ರಶ್ನೆ ಎರಡು. ಒಂದು, ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು, ಆಸ್ಪತ್ರೆಗೂ ಅಷ್ಟು ಬೇಗ ಬೇಡ ಅಂತ ಅತ್ತೆ ಹೇಳುತ್ತಾರೆ. ಅವರು ಒಳ್ಳೆಯವರು, ಹೆದರಿಕೆಯಿಂದ ಹೇಳುವುದು. ಎರಡು, ಏಳನೇ ತಿಂಗಳಲ್ಲಿ ಸೀಮಂತ ಮಾಡಿ ಅಮ್ಮನ ಮನೆಗೆ ಕಳಿಸುವ ಕ್ರಮ ನಮ್ಮಲ್ಲಿ. ಹಾಗಾದರೆ ಈಗಿನಿಂದಲೇ ಕಾರ್ಕಳ, ಮಣಿಪಾಲ ಕಡೆ ತೋರಿಸಬೇಕಾ? ಅಲ್ಲ, ಈಗ ಮಂಗಳೂರಿನಲ್ಲಿ ತೋರಿಸಿ ಆಮೇಲೆ ಅಲ್ಲಿಗೆ ಬದಲಾಯಿಸಬೇಕಾ? ಸುರತ್ಕಲ್‌ನಿಂದ ಕಾರ್ಕಳಕ್ಕೆ ಪ್ರತಿ ತಿಂಗಳು ಬಸ್ಸಿನಲ್ಲಿ ಹೋಗಿ ಬರಲು ನನ್ನಿಂದ ಆಗದು. ಈಗಲೇ ಬೆಳಿಗ್ಗೆ ಬಸ್ ಹತ್ತಿದರೆ ವಾಂತಿ.

ಕದ್ರಿಯ ಅಮ್ಮ:
ಅಭಿನಂದನೆ! ಮನೆಗೆ ಹತ್ತಿರ ಇರುವಲ್ಲಿ ತೋರಿಸಿ, ಅಷ್ಟೇ. ನನ್ನ ಮೊದಲನೇದಕ್ಕೆ ಹೆಸರು ಕೇಳಿ ದೂರದ ಡಾಕ್ಟರ್ ಹತ್ತಿರ ಹೋದೆ. ಮೂರು ಗಂಟೆ ಕಾಯುವುದು, ಐದು ನಿಮಿಷ ನೋಡುವುದು. ಎರಡನೇದಕ್ಕೆ ನಡೆದು ಹೋಗುವಷ್ಟು ಹತ್ತಿರ. ಒಂದು ಚೆಕಪ್ ಕೂಡ ತಪ್ಪಲಿಲ್ಲ.

ನಿವೃತ್ತ ಸಿಸ್ಟರ್:
ತಂಗಿ, ನಾನು ಉಡುಪಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 30 ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿದವಳು. ಮೊದಲು ನಿನ್ನ ಅತ್ತೆಯ ಮಾತು. ನೆಂಟರಿಗೆ ಹೇಳುವುದು ಬೇರೆ, ಡಾಕ್ಟರಿಗೆ ಹೇಳುವುದು ಬೇರೆ. ನೆಂಟರಿಗೆ ಮೂರು ತಿಂಗಳು ಹೇಳದಿದ್ದರೆ ಏನೂ ನಷ್ಟ ಇಲ್ಲ. ಹೇಳದಿದ್ದರೆ ಒಳ್ಳೆಯದೇ, ಪ್ರಶ್ನೆ ಕಡಿಮೆ. ಆದರೆ ಮೊದಲ ಚೆಕಪ್ 12 ವಾರದ ಒಳಗೆ ಆಗಲೇಬೇಕು. ಸರ್ಕಾರದ ಲೆಕ್ಕದಲ್ಲಿ ಕನಿಷ್ಠ ನಾಲ್ಕು ಚೆಕಪ್: 12 ವಾರದ ಒಳಗೆ ಒಂದು, 14ರಿಂದ 26ರ ನಡುವೆ ಒಂದು, 28ರಿಂದ 34ರ ನಡುವೆ ಒಂದು, 36ರ ನಂತರ ಒಂದು. ಇದು ಕನಿಷ್ಠ. ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಎಂಟು ಸಲ ಅನ್ನುತ್ತದೆ. ಖಾಸಗಿಯಲ್ಲಿ ತಿಂಗಳಿಗೊಮ್ಮೆ ಕರೆಯುತ್ತಾರೆ, ಕೊನೆಗೆ ವಾರಕ್ಕೊಮ್ಮೆ.

ಬೇಗ ಹೋಗುವುದು ಯಾಕೆ ಅಂದರೆ, ತಾರೀಕು ಸರಿಯಾಗಿ ಲೆಕ್ಕ ಆಗುವುದು ಆಗಲೇ. ಮುಟ್ಟಿನ ದಿನ ನೆನಪಿಲ್ಲದವರಿಗೆ ಮೊದಲ ಮೂರು ತಿಂಗಳ ಸ್ಕ್ಯಾನಿಂಗ್ ಕೊಡುವಷ್ಟು ಸರಿಯಾದ ಡೇಟನ್ನು ಎಂಟನೇ ತಿಂಗಳಿನದ್ದು ಕೊಡುವುದಿಲ್ಲ. ಕೊನೆಗೆ ಮಗು ಸಣ್ಣದಾ, ಇಲ್ಲ ನಿಜವಾಗಿ ತಿಂಗಳೇ ಕಡಿಮೆಯಾ ಅಂತ ಗೊತ್ತಾಗದೆ ಒದ್ದಾಡಿದ ಕೇಸ್ ನಾನು ಬೇಕಾದಷ್ಟು ನೋಡಿದ್ದೇನೆ. ರಕ್ತದ ಗುಂಪು, ಹಿಮೋಗ್ಲೋಬಿನ್, ಥೈರಾಯ್ಡ್, ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್, ಮೂತ್ರ, ಬಿಪಿ, ತೂಕ, ಇದೆಲ್ಲಾ ಆ ಮೊದಲ ಭೇಟಿಯಲ್ಲೇ ಆಗುತ್ತದೆ. ಎಚ್‌ಐವಿ ಟೆಸ್ಟ್ ಅಂದ ಕೂಡಲೇ ಮುಖ ಕೆಂಪಗೆ ಮಾಡಿಕೊಳ್ಳುವವರಿದ್ದಾರೆ. ಎಲ್ಲರಿಗೂ ಮಾಡುವುದು ಮಾರಾಯ್ತಿ, ನಿನ್ನ ಮೇಲೆ ಸಂಶಯದಿಂದ ಅಲ್ಲ.

ಇನ್ನು ತಾಯಿ ಕಾರ್ಡ್, ಅಂದರೆ ಚೆಕಪ್ ಎಲ್ಲಾ ಬರೆದಿಡುವ ಸರ್ಕಾರದ ಕಾರ್ಡ್. ಖಾಸಗಿಯಲ್ಲಿ ತೋರಿಸಿದರೂ ನಿಮ್ಮ ಏರಿಯಾದ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ ಕೇಳಿ ಹೆಸರು ಬರೆಸು. ಅದರಲ್ಲಿರುವ ನಂಬರ್ ನಿನ್ನ ಜೊತೆಗೇ ಬರುತ್ತದೆ. ದಕ್ಷಿಣ ಕನ್ನಡದಿಂದ ಉಡುಪಿ ಜಿಲ್ಲೆಗೆ ಹೋದರೆ ಹೊಸ ಕಾರ್ಡ್ ಬೇಡ.

ಸುರತ್ಕಲ್‌ನವಳು:
ಸಿಸ್ಟರ್, ತುಂಬಾ ಥ್ಯಾಂಕ್ಸ್. ನಿಮ್ಮ ಕಮೆಂಟನ್ನು ಅತ್ತೆಗೆ ಓದಿ ಹೇಳಿದೆ. 'ನೆಂಟರಿಗೆ ಹೇಳದಿದ್ದರೆ ಒಳ್ಳೆಯದೇ' ಅಂದದ್ದು ಅವರಿಗೆ ಭಾರೀ ಖುಷಿ ಆಯಿತು. ನಾಳೆ ಅವರೇ ಜೊತೆಗೆ ಬರುತ್ತಾರಂತೆ.

ಸ್ಕ್ಯಾನಿಂಗ್ ಒಟ್ಟು ಎಷ್ಟು ಸಲ? ಆಫೀಸಿನಲ್ಲಿ ಒಬ್ಬರು ಜಾಸ್ತಿ ಮಾಡಿಸಿದರೆ ಮಗುವಿಗೆ ಕಿರಣ ತಾಗುತ್ತದೆ ಅಂದರು.

ಲ್ಯಾಬ್ ಮನುಷ್ಯ:
ಅದು ಎಕ್ಸ್‌ರೇ ಅಲ್ಲ. ಶಬ್ದದ ಅಲೆ, ಕಿರಣ ಎಂತದೂ ಇಲ್ಲ. ತಪ್ಪಿಸಬಾರದ್ದು ಎರಡು. 11ರಿಂದ 13 ವಾರ 6 ದಿನದ ಒಳಗೆ, ಮಗುವಿನ ಕತ್ತಿನ ಹಿಂದಿನ ನೀರಿನ ಪದರ ಅಳೆಯುವ ಎನ್‌ಟಿ ಸ್ಕ್ಯಾನ್. 18ರಿಂದ 20 ವಾರದ ಸುಮಾರಿಗೆ ಮಗುವಿನ ಅಂಗಾಂಗ ನೋಡುವ ಅನಾಮಲಿ ಸ್ಕ್ಯಾನ್. ಈ ಎರಡಕ್ಕೂ ಇರುವ ಸಮಯ ಕಡಿಮೆ, ವಾರ ದಾಟಿದರೆ ಮತ್ತೆ ಆ ಮಾಹಿತಿ ಹಾಗೆಯೇ ಸಿಗುವುದಿಲ್ಲ. ಅಪಾಯಿಂಟ್‌ಮೆಂಟ್ ಈಗಲೇ ಹಾಕಿ. ಆಮೇಲಿನದ್ದು ಬೆಳವಣಿಗೆ ನೋಡಲು, ಎಷ್ಟು ಸಲ ಅಂತ ಡಾಕ್ಟರ್ ಹೇಳುತ್ತಾರೆ.

ಮತ್ತೊಂದು, ಗಂಡೋ ಹೆಣ್ಣೋ ಅಂತ ಕೇಳಬೇಡಿ. 1994ರ ಕಾನೂನಿನ ಪ್ರಕಾರ ಕೇಳುವುದೂ ಅಪರಾಧ, ಹೇಳುವುದೂ ಅಪರಾಧ. ಸ್ಕ್ಯಾನಿಂಗ್ ರೂಮಿನ ಹೊರಗೆ ಬೋರ್ಡ್ ಇದ್ದರೂ ದಿನಕ್ಕೆ ಒಬ್ಬರಾದರೂ 'ಸುಮ್ನೆ ಒಂದು ಸೂಚನೆ ಕೊಡಿ' ಅನ್ನುತ್ತಾರೆ.

ಹಳೇ ಕಾಲದವ:
ನಮ್ಮ ಅಮ್ಮ ಏಳು ಹೆತ್ತರು. ಗದ್ದೆಯಲ್ಲಿ ನೇಜಿ ನೆಡುತ್ತಿದ್ದರು. ಸ್ಕ್ಯಾನಿಂಗ್ ಇರಲಿಲ್ಲ, ಶುಗರ್ ಟೆಸ್ಟ್ ಇರಲಿಲ್ಲ. ಈಗ ಎಲ್ಲಾ ಬಿಸಿನೆಸ್.

ನಿವೃತ್ತ ಸಿಸ್ಟರ್:
ಅಣ್ಣ, ಏಳರಲ್ಲಿ ಎಷ್ಟು ಉಳಿದವು ಅಂತ ಬರೆಯಲಿಲ್ಲ ನೀವು. ನನ್ನ ಅಜ್ಜಿ ಒಂಬತ್ತು ಹೆತ್ತು ಐದನ್ನು ಸಾಕಿದರು. ಅಜ್ಜಿಯ ತಂಗಿ ಮೊದಲ ಹೆರಿಗೆಯಲ್ಲೇ ಹೋದರು, ಅವರ ಹೆಸರು ಈಗ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಬಿಸಿನೆಸ್ ಇಲ್ಲ ಅಂತ ನಾನು ಹೇಳುವುದಿಲ್ಲ, ಉಂಟು. ಅದಕ್ಕೇ ಯಾವುದು ಬೇಕು, ಯಾವುದು ಬೇಡ ಅಂತ ಇಲ್ಲಿ ಮಾತಾಡುವುದು.

ಹಳೇ ಕಾಲದವ:
ನಾಲ್ಕು ಉಳಿದದ್ದು. ಸರಿ, ಮುಂದುವರಿಸಿ.

ಕುಂದಾಪುರದ ಮಗಳು:
ಸುರತ್ಕಲ್‌ನವರೇ, ನಿಮ್ಮ ಎರಡನೇ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ನಾನು ಕೊಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ನನ್ನದೂ ಇದೇ ಕತೆ. ಗಂಡನ ಮನೆ ಮಂಗಳೂರು, ಅಮ್ಮನ ಮನೆ ಕುಂದಾಪುರದ ಆಚೆ. 26ನೇ ವಾರದ ತನಕ ಎಲ್ಲಾ ಚೆಂದ. ಮಂಗಳೂರಿನ ಡಾಕ್ಟರ್ 'ಎರಡು ವಾರ ಬಿಟ್ಟು ಶುಗರ್ ಟೆಸ್ಟಿಗೆ ಬನ್ನಿ' ಅಂದಿದ್ದರು. ಆ ಎರಡು ವಾರದಲ್ಲಿ ಸೀಮಂತ ಬಂತು. ಹೂ ಮುಡಿಸುವುದು, ಐದು ಮನೆಯವರ ಊಟ, ಫೋಟೋ. ಅದಾದ ಮರುದಿನ ಅಮ್ಮನ ಮನೆಗೆ. ಅಲ್ಲಿ ಒಂದು ವಾರ ನೆಂಟರು ಬಯಕೆ ಊಟಕ್ಕೆ ಕರೆದರು. ಮಂಗಳೂರಿನವರು 'ಇನ್ನು ಅಲ್ಲಿ ತೋರಿಸುತ್ತಾಳೆ' ಅಂದುಕೊಂಡರು. ಅಮ್ಮ 'ಮೊನ್ನೆ ಅಲ್ಲಿ ತೋರಿಸಿ ಬಂದಿದ್ದಾಳೆ' ಅಂದುಕೊಂಡರು. ನಾನು? ನನಗೆ ಆರಾಮ ಇತ್ತು, ಮಲಗಿದೆ.

ಕಾಲು ಊದಿತು. ಬಸುರಿಯರಿಗೆ ಊದುವುದು ಸಹಜ ಅಂದರು. ಮುಖ ಊದಿತು. 'ಕಳೆ ಬಂದಿದೆ' ಅಂದರು! ತಲೆನೋವು ಬಂತು. ಬಿಸಿಲಿಗೆ ಅಂದರು. 33ನೇ ವಾರದಲ್ಲಿ ಒಂದು ಸಂಜೆ ಟಿವಿ ನೋಡುವಾಗ ಕಣ್ಣೆದುರು ಮಿಂಚುಹುಳ ಹಾರಿದ ಹಾಗೆ ಆಯಿತು. ಅಣ್ಣ ಕಾರು ತೆಗೆದ. ಆಸ್ಪತ್ರೆಯಲ್ಲಿ ನೋಡಿದರೆ ಬಿಪಿ 170/110.

ಅಲ್ಲಿಯ ಡಾಕ್ಟರ್ ಮೊದಲು ಕೇಳಿದ್ದು 'ಹಿಂದಿನ ಬಿಪಿ ಎಷ್ಟಿತ್ತು? ಫೈಲ್ ಎಲ್ಲಿ?' ಅಂತ. ಫೈಲ್ ಮಂಗಳೂರಿನ ಮನೆಯ ಕಪಾಟಿನಲ್ಲಿ, ಸೀರೆಗಳ ಅಡಿಯಲ್ಲಿ. ರಕ್ತದ ಗುಂಪು ಕೂಡ ಮತ್ತೆ ಟೆಸ್ಟ್ ಮಾಡಬೇಕಾಯಿತು. ಅಲ್ಲಿಂದ ಆ್ಯಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಫಿಟ್ಸ್ ಬಾರದ ಹಾಗೆ ಮೆಗ್ನೀಷಿಯಂ ಇಂಜೆಕ್ಷನ್, ಮೈಯೆಲ್ಲಾ ಬೆಂಕಿ ಹತ್ತಿದ ಹಾಗೆ ಬಿಸಿ. ಮಗುವಿನ ಶ್ವಾಸಕೋಶ ಬಲಿಯಲು ಸ್ಟಿರಾಯ್ಡ್ ಇಂಜೆಕ್ಷನ್. ಮೂರನೇ ದಿನ ಆಪರೇಷನ್. ಮಗಳು 1.7 ಕೆಜಿ. 14 ದಿನ ಗಾಜಿನ ಪೆಟ್ಟಿಗೆಯಲ್ಲಿ. ಈಗ ನಾಲ್ಕು ವರ್ಷ, ನಿನ್ನೆ ನನ್ನ ಫೋನ್ ಬಕೆಟಿಗೆ ಹಾಕಿದಳು.

ಯಾರ ಮೇಲೂ ತಪ್ಪು ಹಾಕಲು ಆಗುವುದಿಲ್ಲ. ಎರಡು ಮನೆಯವರೂ ಚೆನ್ನಾಗಿಯೇ ನೋಡಿಕೊಂಡರು. ಅವರಿಬ್ಬರ ನಡುವೆ ನಾನು ಬಿದ್ದೆ, ಅಷ್ಟೇ. ಏಳನೇ ತಿಂಗಳು ಅಂದರೆ 25ರಿಂದ 28 ವಾರ. 24ರಿಂದ 28ರ ಒಳಗೆ ಶುಗರ್ ನೋಡಬೇಕು. ಹಿಮೋಗ್ಲೋಬಿನ್ ಮತ್ತೆ ನೋಡಬೇಕು. ನೆಗೆಟಿವ್ ರಕ್ತದ ಗುಂಪಿನವರಿಗೆ 28ರಲ್ಲಿ ಇಂಜೆಕ್ಷನ್. ಬಿಪಿ ಏರಲು ಶುರು ಆಗುವುದೂ ಸಾಧಾರಣ ಆಮೇಲೆಯೇ. ಸರಿಯಾಗಿ ಅದೇ ಹೊತ್ತಿಗೆ ನಾವು ಪೆಟ್ಟಿಗೆ ಕಟ್ಟುತ್ತೇವೆ.

ಕದ್ರಿಯ ಅಮ್ಮ:
ಓದಿ ಮೈ ಜುಮ್ ಅಂತು. ನಾನು ಎರಡೂ ಸಲ ಇಲ್ಲೇ ಇದ್ದೆ, ಅಮ್ಮನೇ ಇಲ್ಲಿಗೆ ಬಂದರು. ಹಾಗಾಗಿ ಇದು ತಲೆಗೇ ಹೋಗಿರಲಿಲ್ಲ.

ನಿವೃತ್ತ ಸಿಸ್ಟರ್:
ಕುಂದಾಪುರದ ಮಗಳೇ, ನಾನು ಹೇಳಬೇಕಾದದ್ದನ್ನು ನೀನೇ ಹೇಳಿದೆ. ನಮ್ಮ ಕಡೆ ಆಶಾ ಕಾರ್ಯಕರ್ತೆಯರಿಗೂ ಇದೇ ತಲೆನೋವು. ಇಲ್ಲಿ ದಾಖಲಾದ ಹುಡುಗಿ ಅಲ್ಲಿಗೆ ಹೋಗಿರುತ್ತಾಳೆ, ಅಲ್ಲಿಯವಳು ಇಲ್ಲಿಗೆ ಬಂದಿರುತ್ತಾಳೆ, ಯಾರ ಪಟ್ಟಿಯಲ್ಲೂ ಪೂರ್ತಿ ಇರುವುದಿಲ್ಲ.

ಸುರತ್ಕಲ್‌ನವಳೇ, ಹೀಗೆ ಮಾಡು. ಈಗ ಸುರತ್ಕಲ್ ಹತ್ತಿರವೇ ತೋರಿಸು. ಹೆರಿಗೆ ಎಲ್ಲಿ ಅಂತ ಆರನೇ ತಿಂಗಳಲ್ಲೇ ನಿರ್ಧರಿಸಿ, ಅಲ್ಲಿ ಒಂದು ಸಲ ಹೋಗಿ ಹೆಸರು ಬರೆಸಿ ಬಾ. ಸೀಮಂತಕ್ಕೆ ಮೊದಲೇ ಶುಗರ್ ಟೆಸ್ಟ್ ಮುಗಿಸು. ಅಮ್ಮನ ಮನೆಗೆ ಹೋದ ವಾರದಲ್ಲೇ ಅಲ್ಲಿಯ ಡಾಕ್ಟರ್ ನೋಡಬೇಕು, ನೆಂಟರ ಊಟ ಆಮೇಲೆ. ಬಿಪಿ 140/90 ಮುಟ್ಟಿದರೆ ಅದು ಸಣ್ಣ ವಿಷಯ ಅಲ್ಲ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದುವುದು, ಪಕ್ಕೆಲುಬಿನ ಕೆಳಗೆ ನೋವು, ರಕ್ತ ಹೋಗುವುದು, ನೀರು ಒಡೆಯುವುದು, ಮಗುವಿನ ಮಿಸುಕಾಟ ಕಡಿಮೆ ಆಗುವುದು, ಇದರಲ್ಲಿ ಒಂದು ಕಂಡರೂ ಡೇಟ್ ಕಾಯಬೇಡ. ರಾತ್ರಿ ಎರಡು ಗಂಟೆಯಾದರೂ ಹೊರಡು. ಕಾರಿಲ್ಲದಿದ್ದರೆ 108.

ಲ್ಯಾಬ್ ಮನುಷ್ಯ:
ಶುಗರ್ ಟೆಸ್ಟ್ ಬಗ್ಗೆ ಒಂದು ಮಾತು. ಸರ್ಕಾರಿ ಕ್ರಮದಲ್ಲಿ ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28 ವಾರದಲ್ಲಿ ಮತ್ತೊಮ್ಮೆ. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕಲಸಿ ಐದು ಹತ್ತು ನಿಮಿಷದಲ್ಲಿ ಕುಡಿಯಬೇಕು. ಎರಡು ಗಂಟೆ ಆದ ಮೇಲೆ ರಕ್ತ. 140 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಗರ್ಭಿಣಿ ಸಕ್ಕರೆ ಕಾಯಿಲೆ. ಇದಕ್ಕೆ ಖಾಲಿ ಹೊಟ್ಟೆ ಬೇಕಂತಿಲ್ಲ. ಕೆಲವು ಆಸ್ಪತ್ರೆಯವರು ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿ ಮೂರು ಸಲ ರಕ್ತ ತೆಗೆಯುತ್ತಾರೆ, ಅದು ಬೇರೆ ಕ್ರಮ, ಅದರ ಲೆಕ್ಕವೂ ಬೇರೆ. ಎರಡರ ನಂಬರನ್ನು ಹೋಲಿಸಿ ಹೆದರಬೇಡಿ. ಕುಡಿದು ಅರ್ಧ ಗಂಟೆಯ ಒಳಗೆ ವಾಂತಿ ಆದರೆ ನಮಗೆ ಹೇಳಿ, ಇನ್ನೊಂದು ದಿನ ಮಾಡುತ್ತೇವೆ. ಮುಚ್ಚಿಟ್ಟರೆ ರಿಪೋರ್ಟಿಗೆ ಅರ್ಥ ಇಲ್ಲ.

ದುಬೈ ಗಂಡ:
ಪೋಸ್ಟ್ ಹಾಕಿದವರ ಗಂಡ ನಾನಲ್ಲ, ಆದರೆ ನನ್ನ ಸ್ಥಿತಿಯೂ ಅದೇ. ಹೆಂಡತಿ ಉಡುಪಿಯಲ್ಲಿ, 20 ವಾರ. ಇಲ್ಲಿಂದ ನಾನು ಏನು ಮಾಡಬಹುದು? ದುಡ್ಡು ಕಳಿಸುವುದು ಬಿಟ್ಟು.

ಕುಂದಾಪುರದ ಮಗಳು:
ಅಣ್ಣ, ನಿಮ್ಮ ರಕ್ತದ ಗುಂಪು ಮೊದಲು ಹೇಳಿ. ತಮಾಷೆ ಅಲ್ಲ. ಹೆಂಡತಿ ನೆಗೆಟಿವ್, ಗಂಡ ಪಾಸಿಟಿವ್ ಆದರೆ ತಾಯಿಯ ರಕ್ತ ಮಗುವಿನ ರಕ್ತದ ವಿರುದ್ಧ ತಿರುಗದ ಹಾಗೆ 28ನೇ ವಾರದಲ್ಲಿ ಆ್ಯಂಟಿ-ಡಿ ಇಂಜೆಕ್ಷನ್ ಬೇಕಾಗುತ್ತದೆ. ಮಗು ಪಾಸಿಟಿವ್ ಆದರೆ ಹೆರಿಗೆಯಾಗಿ 72 ಗಂಟೆಯ ಒಳಗೆ ಮತ್ತೊಂದು. ಎರಡನೇದು, ಪ್ರತಿ ರಿಪೋರ್ಟಿನ ಫೋಟೋ ತೆಗೆಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಆ ಸಂಜೆ ನನ್ನ ಗಂಡನ ಫೋನಿನಲ್ಲಿ ಅಷ್ಟು ಇದ್ದಿದ್ದರೆ ಸಾಕಿತ್ತು.

ದುಬೈ ಗಂಡ:
ನಾನು ಬಿ ಪಾಸಿಟಿವ್. ಅವಳದ್ದು ಗೊತ್ತಿಲ್ಲ. ಈಗ ಕೇಳುತ್ತೇನೆ... ಓ ನೆಗೆಟಿವ್ ಅಂತೆ. ಮದುವೆಯಾಗಿ ಮೂರು ವರ್ಷ ಆಯಿತು, ಈಗ ಗೊತ್ತಾಯಿತು.

ನಿವೃತ್ತ ಸಿಸ್ಟರ್:
ನೋಡಿ, ಕೇಳಿದ್ದು ಒಳ್ಳೆಯದಾಯಿತು. ಮುಂದಿನ ಭೇಟಿಯಲ್ಲಿ, ಅವಳ ರಕ್ತ ಈಗಾಗಲೇ ಹಾಗೆ ತಿರುಗಿದೆಯಾ ಅಂತ ನೋಡುವ ಐಸಿಟಿ ಟೆಸ್ಟ್ ಆಗಿದೆಯಾ ಅಂತ ಡಾಕ್ಟರನ್ನು ಕೇಳಲು ಹೇಳಿ. ಹೆದರಬೇಡಿ, ಸಮಯಕ್ಕೆ ಸೂಜಿ ಹಾಕಿದರೆ ಆಯಿತು.

ಬೆಳ್ತಂಗಡಿ ಸೊಸೆ:
ಖಾಸಗಿ ಅಂತ ಎಲ್ಲರೂ ಬರೆಯುತ್ತಿದ್ದೀರಿ, ಅದಕ್ಕೆ ಹೇಳುತ್ತೇನೆ. ನನ್ನದು ಪೂರ್ತಿ ಸರ್ಕಾರಿ. ಪ್ರತಿ ತಿಂಗಳು 9ನೇ ತಾರೀಕಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವಿಶೇಷ ತಪಾಸಣೆ, 2016ರಿಂದ ಉಂಟು. ತೊಂದರೆ ಇರುವ ಕೇಸಿನವರನ್ನು ಪ್ರತ್ಯೇಕ ಗುರುತು ಹಾಕಿ ನೋಡುತ್ತಾರೆ. ಹೆರಿಗೆ ಮಂಗಳೂರಿನ ಸರ್ಕಾರಿ ಆಸ್ಪತ್ರೆ ಲೇಡಿಗೋಷನ್‌ನಲ್ಲಿ. ರಶ್ ಉಂಟು, ಗದರುವವರೂ ಉಂಟು, ಸುಳ್ಳು ಹೇಳುವುದಿಲ್ಲ. ಆದರೆ ಆಪರೇಷನ್ ಆದರೂ ಬಿಲ್ ಇಲ್ಲ, ಮದ್ದು, ರಕ್ತ, ಊಟ ಎಲ್ಲಾ ಉಚಿತ. ಮೊದಲ ಮಗುವಿಗೆ ಕೇಂದ್ರದ ಮಾತೃವಂದನಾ ಯೋಜನೆಯಲ್ಲಿ 5,000 ರೂಪಾಯಿ ಎರಡು ಕಂತಿನಲ್ಲಿ ಬರುತ್ತದೆ, ಅರ್ಹತೆ ಇದ್ದವರಿಗೆ. ತಾಯಿ ಕಾರ್ಡಿನಲ್ಲಿ ಬೇಗ ಹೆಸರು ಇರಬೇಕು, ಬ್ಯಾಂಕಿಗೆ ಆಧಾರ್ ಜೋಡಣೆ ಆಗಿರಬೇಕು. ನನ್ನದು ಜೋಡಣೆ ಆಗದೆ ನಾಲ್ಕು ಸಲ ಬ್ಯಾಂಕಿಗೆ ಅಲೆದೆ.

ಒಂದು ಕೇಳಬೇಕಿತ್ತು. ನಮ್ಮ ಮನೆಯಲ್ಲಿ ಬೀಡಿ ಕಟ್ಟುತ್ತೇವೆ. ಈಗ ನಾದಿನಿಗೆ ಐದು ತಿಂಗಳು. ಅವಳು ಕಟ್ಟಬಹುದಾ?

ನಿವೃತ್ತ ಸಿಸ್ಟರ್:
ಕಟ್ಟದಿದ್ದರೆ ಒಳ್ಳೆಯದು. ಹೊಗೆಸೊಪ್ಪಿನ ಧೂಳು ಮೂಗಿಗೂ ಕೈಗೂ ಹೋಗುತ್ತದೆ, ನಿಕೋಟಿನ್ ಚರ್ಮದಿಂದಲೂ ಒಳಗೆ ಸೇರುತ್ತದೆ. ಆದರೆ ವಾರದ ಮಜೂರಿ ಬಿಡಿ ಅಂತ ನಾನು ಕುಳಿತಲ್ಲಿಂದ ಹೇಳುವುದು ಸುಲಭ. ನಿಲ್ಲಿಸಲು ಆಗದಿದ್ದರೆ ಎಲೆ ಕತ್ತರಿಸುವ ಕೆಲಸ ಅವಳಿಗೆ ಕೊಡಿ, ಸೊಪ್ಪು ತುಂಬುವುದು ಬೇರೆಯವರು ಮಾಡಲಿ. ಸೊಪ್ಪಿನ ಚೀಲ ಅವಳು ಮಲಗುವ ಕೋಣೆಯಲ್ಲಿ ಬೇಡ. ಹಿಮೋಗ್ಲೋಬಿನ್ ನೋಡಿಸಿದ್ದೀರಾ?

ಬೆಳ್ತಂಗಡಿ ಸೊಸೆ:
8.9. ಮಾತ್ರೆ ಕೊಟ್ಟಿದ್ದಾರೆ. ತಿಂದರೆ ಮಲ ಕಪ್ಪಗೆ ಹೋಗುತ್ತದೆ ಅಂತ ಹೆದರಿ ಬಿಟ್ಟಿದ್ದಾಳೆ.

ನಿವೃತ್ತ ಸಿಸ್ಟರ್:
ಕಪ್ಪಗೆ ಹೋಗುವುದು ಕಬ್ಬಿಣಾಂಶದಿಂದ, ಹೆದರುವಂಥದ್ದಲ್ಲ. 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆ ಆದರೆ ಆಸ್ಪತ್ರೆಯಲ್ಲಿ ಇಟ್ಟು ನೋಡುವಂಥದ್ದು. 8.9 ಅಂದರೆ ಮಾತ್ರೆ ಬಿಡುವ ಹಾಗೇ ಇಲ್ಲ, ಅವಳಿಗೆ ದಿನಕ್ಕೆ ಎರಡು ಹೇಳಿರಬೇಕು, ಚೀಟಿ ನೋಡಿ. ಮತ್ತೆ ಚಾದ ಜೊತೆ ನುಂಗಬೇಡಿ. ನಮ್ಮವರ ದೊಡ್ಡ ತಪ್ಪು ಇದೇ! ಮಾತ್ರೆ ಬಾಯಿಗೆ, ಮೇಲಿಂದ ಒಂದು ಗುಟುಕು ಚಾ. ಚಾ ಕಬ್ಬಿಣವನ್ನು ಮೈಗೆ ಹಿಡಿಯಲು ಬಿಡುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯೂ ಅದರ ಜೊತೆ ಬೇಡ, ಎರಡು ಗಂಟೆ ಬಿಟ್ಟು. ಲಿಂಬೆ ಶರಬತ್ತಿನ ಜೊತೆ ನುಂಗಿದರೆ ಒಳ್ಳೆಯದು.

ಉಳ್ಳಾಲದವಳು:
ಊಟದ ವಿಷಯ ಬಂತಲ್ಲ, ಮೀನು ತಿನ್ನಬಹುದಾ ಯಾರಾದರೂ ಹೇಳಿ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮೀನಿಲ್ಲದೆ ನನಗೆ ಊಟ ಇಳಿಯುವುದಿಲ್ಲ.

ಕದ್ರಿಯ ಅಮ್ಮ:
ಬೂತಾಯಿ, ಬಂಗುಡೆ ಧಾರಾಳ ತಿನ್ನಿ. ನನ್ನ ಡಾಕ್ಟರ್ ಬೂತಾಯಿ ಅಂತ ಹೆಸರು ಹೇಳಿಯೇ ಬರೆದುಕೊಟ್ಟಿದ್ದರು. ತಾಟೆಯಂಥ (ಶಾರ್ಕ್) ದೊಡ್ಡ ಮೀನಿನಲ್ಲಿ ಪಾದರಸ ಸೇರಿರುತ್ತದೆ, ಅದು ಬೇಡ. ಮರುವಾಯಿ (ಚಿಪ್ಪು) ಪೂರ್ತಿ ಬೆಂದಿರಬೇಕು. ಪಪ್ಪಾಯಿ ಕಾಯಿ ಬೇಡ. ಚೆನ್ನಾಗಿ ಹಣ್ಣಾದದ್ದಕ್ಕೆ ತೊಂದರೆ ಇಲ್ಲ ಅಂದರೂ ನನ್ನ ಅತ್ತೆ ಒಂಬತ್ತು ತಿಂಗಳು ಮರದ ಹತ್ತಿರ ಹೋಗಲು ಬಿಡಲಿಲ್ಲ. ಅದನ್ನು ಜಗಳ ಮಾಡಿ ಗೆಲ್ಲಬೇಕಂತಿಲ್ಲ.

ಲ್ಯಾಬ್ ಮನುಷ್ಯ:
ಮಳೆಗಾಲ ಶುರು ಆಗುತ್ತಿದೆ, ಹಾಗಾಗಿ ಒಂದು ಸೇರಿಸುತ್ತೇನೆ. ಮಂಗಳೂರಿನಲ್ಲಿ ಮಲೇರಿಯಾ ಹೊಸತಲ್ಲ, ಈಗ ಡೆಂಗಿಯೂ ಜೊತೆಗೆ. ಬಸುರಿಗೆ ಜ್ವರ ಬಂದರೆ ಮಾತ್ರೆ ನುಂಗಿ ಎರಡು ದಿನ ಕಾಯಬೇಡಿ, ಅದೇ ದಿನ ರಕ್ತ ಕೊಡಿ. ಮಲೇರಿಯಾ ಅಂತ ಬಂದರೆ ಗರ್ಭಿಣಿ ಅಂತ ಮೊದಲೇ ಹೇಳಬೇಕು. ಎಲ್ಲರಿಗೂ ಕೊಡುವ ಪ್ರೈಮಾಕ್ವಿನ್ ಮಾತ್ರೆಯನ್ನು ಗರ್ಭಿಣಿಯರಿಗೆ ಕೊಡುವುದಿಲ್ಲ. ಮನೆ ಪಕ್ಕದಲ್ಲಿ ಕಟ್ಟಡ ಏಳುತ್ತಿದ್ದರೆ ಸೊಳ್ಳೆ ಪರದೆ ಇಂದೇ ಕಟ್ಟಿ.

ಸುರತ್ಕಲ್‌ನವಳು:
ಮತ್ತೆ ಬಂದೆ. ಈಗ 27ನೇ ವಾರ! ಎರಡು ಸ್ಕ್ಯಾನಿಂಗೂ ಸರಿಯಾಗಿ ಆಯಿತು. ನಾಲ್ಕು ವಾರದ ಅಂತರದಲ್ಲಿ ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯುವ) ಇಂಜೆಕ್ಷನ್ ಎರಡೂ ಆಯಿತು, ಕೈ ಎರಡು ದಿನ ನೋವಿತ್ತು.

ಜೋಯಿಸರು ಸೀಮಂತಕ್ಕೆ ಎರಡು ದಿನ ಕೊಟ್ಟಿದ್ದರು. ಮೊದಲಿನ ದಿನ ಶುಗರ್ ಟೆಸ್ಟಿಗೆ ಮುಂಚೆ ಬರುತ್ತಿತ್ತು. ಎರಡನೇ ದಿನವೇ ಸಾಕು, ಟೆಸ್ಟ್ ಆಗಲಿ ಅಂತ ಹೇಳಿದ್ದು ಯಾರು ಗೊತ್ತಾ? ಅತ್ತೆ. ಕುಂದಾಪುರದವರ ಕತೆ ಅವರಿಗೆ ಬಾಯಿಪಾಠ ಆಗಿದೆ, ನೆರೆಮನೆಯವರಿಗೂ ಹೇಳಿಯಾಗಿದೆ.

ಟೆಸ್ಟ್ ಆಯಿತು. 152. ಮೊದಲ ಸಲ 118 ಇತ್ತು. ಡಾಕ್ಟರ್ ಎರಡು ವಾರ ಊಟದಲ್ಲೇ ನೋಡುವ ಅಂದಿದ್ದಾರೆ. ಊಟವಾಗಿ ಎರಡು ಗಂಟೆಗೆ 120ರ ಒಳಗೆ ಬಂದರೆ ಮದ್ದು ಬೇಡ, ಬಾರದಿದ್ದರೆ ಇನ್ಸುಲಿನೋ ಮಾತ್ರೆಯೋ. ಕುಚ್ಚಲಕ್ಕಿ ಗಂಜಿ ಎಷ್ಟು ಬೇಕಾದರೂ ಕುಡಿಯಬಹುದು ಅಂದುಕೊಂಡಿದ್ದೆ, ಅದಕ್ಕೂ ಲೆಕ್ಕ ಉಂಟಂತೆ. ಒಂದು ಸೌಟು ಗಂಜಿ, ಜೊತೆಗೆ ಪಡೆಂಗಿ (ಹೆಸರುಕಾಳು), ಬಸಳೆ, ಮೊಟ್ಟೆ. ಸಣ್ಣ ಸಣ್ಣದಾಗಿ ಆರು ಸಲ. ಊಟವಾದ ಮೇಲೆ ಅಂಗಳದಲ್ಲಿ ನಡಿಗೆ.

ಸೀಮಂತ ಬರುವ ಭಾನುವಾರ. ಎಲ್ಲರೂ ಬಾಯಿಗೆ ಸಿಹಿ ಇಡುತ್ತಾರಲ್ಲ, ಎಂತ ಮಾಡುವುದು?

ಕುಂದಾಪುರದ ಮಗಳು:
ಐದು ಜನ ಇಟ್ಟರೆ ಐದು ಕಾಳು. ಅತ್ತೆಯನ್ನು ಪಕ್ಕದಲ್ಲಿ ನಿಲ್ಲಿಸಿ, ಅವರೇ ಲೆಕ್ಕ ಇಡುತ್ತಾರೆ!

ನಿವೃತ್ತ ಸಿಸ್ಟರ್:
ಒಂದು ಚೂರು ಬಾಯಿಗೆ ತಾಗಿಸು, ಉಳಿದದ್ದು ಮಕ್ಕಳಿಗೆ ಕೊಡು. ಕಾರ್ಕಳದಲ್ಲಿ ಭೇಟಿಗೆ ದಿನ ತೆಗೆದುಕೊಂಡಿದ್ದೀಯಾ?

ಸುರತ್ಕಲ್‌ನವಳು:
ಮಂಗಳವಾರ ಬೆಳಿಗ್ಗೆ 10 ಗಂಟೆಗೆ. ಹೆಸರು ಕಳೆದ ತಿಂಗಳೇ ಬರೆಸಿ ಬಂದೆ. ಫೈಲ್, ತಾಯಿ ಕಾರ್ಡ್ ಎರಡೂ ನನ್ನ ಕೈಚೀಲದಲ್ಲಿ ಉಂಟು. ಸೀರೆ ಪೆಟ್ಟಿಗೆಯಲ್ಲಿ ಅಲ್ಲ.